ಕಥೆ ನನ್ನದು, ಚಿತ್ರ ಇನ್ನೊಬ್ಬರದು: ಜೊತೆ ಸೇರಿ ಕಾಮಿಕ್ಸ್ ಮಾಡುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಕಥೆ ಬರೆಯಲು ಬರುತ್ತೆ, ಚಿತ್ರ ಬಿಡಿಸಲು ಬರಲ್ಲ. ಕಲಾವಿದರ ಜೊತೆ ಸೇರಿ ಕನ್ನಡದಲ್ಲಿ ಕಾಮಿಕ್ಸ್ ಮಾಡುವ ಆಸೆ ಇದೆ. ಅವರನ್ನು ಎಲ್ಲಿ ಹುಡುಕುವುದು, ಕೆಲಸ ಅರ್ಧಕ್ಕೇ ನಿಲ್ಲದ ಹಾಗೆ ನೋಡಿಕೊಳ್ಳುವುದು ಹೇಗೆ?

ನನ್ನ ಮೊದಲ ಕಾಮಿಕ್ಸ್ ಅರ್ಧಕ್ಕೇ ನಿಲ್ಲುವುದರಲ್ಲಿತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅದು ಶರಾವತಿ ಹಿನ್ನೀರಿನ ಕಥೆ. ಲಿಂಗನಮಕ್ಕಿ ಅಣೆಕಟ್ಟು ಬಂದು ಮನೆ, ತೋಟ ಮುಳುಗಿ ಊರು ಬಿಟ್ಟ ಒಬ್ಬ ಅಜ್ಜ. ಎಷ್ಟೋ ವರ್ಷಗಳ ಮೇಲೆ ಮೊಮ್ಮಗಳ ಜೊತೆ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತುತ್ತಾನೆ. ನಾನು ಪೂರ್ತಿ ಸ್ಕ್ರಿಪ್ಟ್ ಬರೆದು, ಪ್ಯಾನೆಲ್ ಪ್ಯಾನೆಲ್ ಆಗಿ, ಅಂದರೆ ಒಂದೊಂದು ಚಿತ್ರದ ಚೌಕವಾಗಿ ಒಡೆದು, ಪರಿಚಯದ ಕಲಾವಿದೆಯೊಬ್ಬರಿಗೆ ಕಳಿಸಿದೆ. ಮೂರು ವಾರ ಉತ್ತರ ಬರಲಿಲ್ಲ. ಆಮೇಲೆ ನಾನೇ ಫೋನ್ ಮಾಡಿದೆ. ಅವರು ಎರಡನೇ ಪುಟದ ಒಂದು ಸಾಲು ಓದಿದರು: "ಅಜ್ಜ ಎದ್ದು ನಿಂತು, ಹಿಂದಿರುಗಿ ನೋಡಿ, ಕಣ್ಣೊರೆಸಿಕೊಂಡು, ಚೀಲ ಎತ್ತಿಕೊಂಡ." ಓದಿ ಕೇಳಿದರು, "ಒಂದು ಪ್ಯಾನೆಲ್‌ಗೆ ನಾಲ್ಕು ಕೆಲಸ ಹೇಳಿದ್ದೀರಿ. ಇದರಲ್ಲಿ ಯಾವುದನ್ನು ಬಿಡಿಸಲಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಕನ್ನಡದ ಗದ್ಯದಲ್ಲಿ ಎದ್ದು, ನೋಡಿ, ಒರೆಸಿ ಅಂತ ಕ್ರಿಯೆಗಳನ್ನು ಪೋಣಿಸಿಕೊಂಡು ಹೋಗುವುದು ತುಂಬಾ ಸುಲಭ. ಆದರೆ ಪ್ಯಾನೆಲ್ ಅಂದರೆ ನಿಂತ ಒಂದು ಗಳಿಗೆ. ಅದರಲ್ಲಿ ಒಂದೇ ಕ್ರಿಯೆ ಹಿಡಿಸುತ್ತದೆ. ಉಳಿದದ್ದನ್ನು ಓದುಗರು ಎರಡು ಪ್ಯಾನೆಲ್ ನಡುವಿನ ಖಾಲಿ ಜಾಗದಲ್ಲಿ ತಾವೇ ತುಂಬಿಕೊಳ್ಳುತ್ತಾರೆ. ಯಾವ ಗಳಿಗೆ ಬೇಕು ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಕಷ್ಟವನ್ನೆಲ್ಲ ಅವರ ತಲೆಗೆ ಹಾಕಿದ್ದೆ.

ಮುಂದಿನ ಸಲ ಇಬ್ಬರೂ ಒಂದೇ ಮೇಜಿನ ಮುಂದೆ ಕೂತೆವು. ಅಜ್ಜ ಮೊಮ್ಮಗಳಿಗೆ ಮುಳುಗಿದ ಊರಿನ ಬಗ್ಗೆ ಹೇಳುವ ಮಾತು ನನ್ನ ಸ್ಕ್ರಿಪ್ಟಿನಲ್ಲಿ ಒಂದೂವರೆ ಪುಟ ಇತ್ತು. ನನಗೆ ತುಂಬಾ ಇಷ್ಟವಾದ ಭಾಗ ಅದು. ಅವರು ಏನೂ ಹೇಳದೆ ಪೆನ್ಸಿಲ್ ತೆಗೆದುಕೊಂಡು ಒಂದು ಅಗಲವಾದ ಪ್ಯಾನೆಲ್ ಗೀಚಿದರು. ಬೇಸಿಗೆ, ನೀರು ಇಳಿದಿದೆ, ಸತ್ತ ಮರಗಳ ಬೊಡ್ಡೆಗಳು ಸಾಲಾಗಿ ನೀರಿನಿಂದ ಮೇಲೆ ಎದ್ದಿವೆ. ಲಾಂಚಿನ ಅಂಚು ಹಿಡಿದ ಅಜ್ಜನ ಕೈ ಮಾತ್ರ ಮೂಲೆಯಲ್ಲಿ ಕಾಣುತ್ತದೆ. ಮಾತೇ ಇಲ್ಲ. ನನ್ನ ಒಂದೂವರೆ ಪುಟ ಅಲ್ಲಿಗೆ ಮುಗಿಯಿತು. ಬೇಜಾರಾಯಿತಾ ಅಂದರೆ, ಆಯಿತು. ಆದರೆ ಆ ಪ್ಯಾನೆಲ್ ನೋಡಿದವರು ಯಾರೂ ಪುಟ ಬೇಗ ತಿರುಗಿಸುವುದಿಲ್ಲ.

ಅವತ್ತಿನಿಂದ ನಾನು ಕಲಾವಿದರನ್ನು ಕಥೆ ಮುಗಿದ ಮೇಲೆ ಕರೆಯುವುದಿಲ್ಲ. ಕಥೆ ಇನ್ನೂ ಮೆತ್ತಗಿರುವಾಗಲೇ ಕರೆಯುತ್ತೇನೆ. ನಿಮಗೂ ನಾನು ಹೇಳುವ ಮುಖ್ಯ ಮಾತು ಇದೇ: ಅವರು ಕಥೆಯ ಎರಡನೇ ಬರಹಗಾರರು.

ಹೀಗೆ ಮಾಡಿದರೆ ಏನೇನು ಸಾಧ್ಯ ಅಂತ ನೋಡಬೇಕಾದರೆ 'ಭೀಮಾಯಣ' ತೆರೆದು ನೋಡಿ. ಅಂಬೇಡ್ಕರ್ ಅವರ ಬದುಕಿನ ಬಗ್ಗೆ 2011ರಲ್ಲಿ ನವಯಾನ ಪ್ರಕಾಶನ ತಂದ ಪುಸ್ತಕ. ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಚಿತ್ರ ಮಧ್ಯಪ್ರದೇಶದ ಪರಧಾನ್ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದು. ನಮ್ಮ ಪಾತ್ರಗಳನ್ನು ಡಬ್ಬಿಯೊಳಗೆ ಕೂಡಿಹಾಕುವುದಿಲ್ಲ ಅಂದರು ಈ ಇಬ್ಬರು. ಹಾಗಾಗಿ ಪುಸ್ತಕದಲ್ಲಿ ಮಾಮೂಲಿ ಚೌಕಗಳಿಲ್ಲ. ಗೊಂಡರು ಮನೆಯ ಗೋಡೆ, ನೆಲದ ಮೇಲೆ ಬರೆಯುವ 'ದಿಗ್ನಾ' ವಿನ್ಯಾಸವೇ ಪುಟವನ್ನು ಭಾಗ ಮಾಡುತ್ತದೆ. ಮಾತಿನ ಗುಳ್ಳೆಗಳನ್ನೂ ಅವರು ಬದಲಾಯಿಸಿದರು. ಮೃದು ಮಾತಿಗೆ ಹಕ್ಕಿಯ ಆಕಾರ, ವಿಷದ ಮಾತಿಗೆ ಚೇಳಿನ ಕೊಂಡಿ. ಬರೆಯುವವರು ತಮ್ಮ ಪಾಡಿಗೆ ಕೂತು ಇದನ್ನು ಸ್ಕ್ರಿಪ್ಟಿನಲ್ಲಿ ಬರೆಯಲು ಸಾಧ್ಯವೇ ಇರಲಿಲ್ಲ, ಅಲ್ವಾ? ಅದು ಬಂದದ್ದು ಚಿತ್ರ ಬರೆಯುವವರ ಮನೆಯ ಗೋಡೆಯಿಂದ.

ಹಾಗಂತ ಸ್ಕ್ರಿಪ್ಟ್ ಬೇಡ ಅಂತಲ್ಲ. ಎಷ್ಟು ಬರೆಯಬೇಕು ಅನ್ನುವುದು ಜೊತೆಗಾರರ ಮೇಲೆ ಹೋಗುತ್ತೆ. ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನಲ್ಲಿ 60ರ ದಶಕದಲ್ಲಿ ಬರಹಗಾರ ಸ್ಟಾನ್ ಲೀ ಕಥೆಯ ಎಳೆಯನ್ನಷ್ಟೇ ಹೇಳುತ್ತಿದ್ದರು. ಜ್ಯಾಕ್ ಕಿರ್ಬಿಯಂಥ ಕಲಾವಿದರು ಪುಟಗಳನ್ನು ಬಿಡಿಸಿದ ಮೇಲೆ ಮಾತು ತುಂಬುತ್ತಿದ್ದರು. ಕೆಲಸ ಬೇಗ ಆಯಿತು, ಆದರೆ ಕಥೆ ನಿಜಕ್ಕೂ ಯಾರದು ಅನ್ನುವ ಜಗಳ ದಶಕಗಳ ಕಾಲ ನಡೆಯಿತು. ನಾನು ನಡುವಿನ ದಾರಿ ಹಿಡಿದಿದ್ದೇನೆ. ಪ್ರತಿ ಪುಟಕ್ಕೆ ಏನಾಗಬೇಕು, ಯಾರು ಏನು ಮಾತಾಡಬೇಕು ಅಂತ ಬರೆಯುತ್ತೇನೆ. ಎಷ್ಟು ಪ್ಯಾನೆಲ್, ಯಾವ ಕೋನ ಅನ್ನುವುದನ್ನು ಅವರಿಗೆ ಬಿಡುತ್ತೇನೆ. ಕಥೆ ನಿಂತಿರುವುದೇ ಒಂದು ಪ್ಯಾನೆಲ್ ಮೇಲೆ ಅನ್ನುವಾಗ ಮಾತ್ರ ವಿವರವಾಗಿ ಹೇಳುತ್ತೇನೆ.

ತಿದ್ದುಪಡಿ ಬಗ್ಗೆ ಒಂದು ಮಾತು. ಹೇಳುವುದೆಲ್ಲವನ್ನೂ ಥಂಬ್‌ನೇಲ್ ಹಂತದಲ್ಲೇ, ಅಂದರೆ ಬೆರಳುದ್ದದ ಗೀಚು ಚಿತ್ರ ಇರುವಾಗಲೇ ಹೇಳಿಬಿಡಿ. ಪೆನ್ಸಿಲ್ ಗೆರೆಗೆ ಇಂಕ್ ಆದ ಮೇಲೆ ಬಾಯಿ ಬಿಡಬೇಡಿ. ಹೇಳುವಾಗಲೂ ತೊಂದರೆ ಏನು ಅಂತ ಹೇಳಿ, ಪರಿಹಾರ ಅವರು ಹುಡುಕುತ್ತಾರೆ. "ಇಲ್ಲಿ ಅಜ್ಜ ಸಿಟ್ಟಾದ ಹಾಗೆ ಕಾಣುತ್ತೆ, ನನಗೆ ಬೇಕಾದದ್ದು ದಣಿವು" ಅಂದರೆ ಸಾಕು. ಹುಬ್ಬು ಎಷ್ಟು ಮೇಲಿರಬೇಕು ಅಂತ ಹೇಳಿಕೊಡುವುದು ನಮ್ಮ ಕೆಲಸ ಅಲ್ಲ.

ಕನ್ನಡಕ್ಕೇ ಇರುವ ಒಂದು ಕಷ್ಟ ಲೆಟರಿಂಗ್, ಅಂದರೆ ಗುಳ್ಳೆಯೊಳಗೆ ಮಾತು ಕೂರಿಸುವುದು. ನಮ್ಮ ಪದಗಳು ಉದ್ದ. 'ಹೋಗಬೇಕಾಗಿದೆಯಲ್ಲವೇ' ಅನ್ನುವ ಒಂದೇ ಪದ ಒಂದು ಗುಳ್ಳೆಯ ಇಡೀ ಸಾಲು ನುಂಗುತ್ತದೆ. ಅದನ್ನು ಅಜ್ಜ ನಿಜವಾಗಿ ಹೇಳುವ ಹಾಗೆ 'ಹೋಗ್ಬೇಕಲ್ಲ' ಅಂತ ಬರೆದರೆ ಜಾಗವೂ ಉಳಿಯುತ್ತೆ, ಮಾತೂ ಜೀವಂತವಾಗುತ್ತೆ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಗುಳ್ಳೆ ಎಷ್ಟು ದೊಡ್ಡದು ಅಂತ ಥಂಬ್‌ನೇಲ್‌ನಲ್ಲೇ ಮಾತು ಬರೆದು ನೋಡಬೇಕು. ಆಮೇಲೆ ತುರುಕಲು ಹೋದರೆ ಯಾರದ್ದೋ ಮುಖ ಮುಚ್ಚಿಹೋಗುತ್ತದೆ. ನಾವು ಎಡದಿಂದ ಓದುವುದರಿಂದ ಮೊದಲು ಮಾತಾಡುವ ಪಾತ್ರ ಎಡಗಡೆ ಇರಲಿ ಅಂತಲೂ ಮೊದಲೇ ಹೇಳಿರಬೇಕು. ಹಳೆಯ ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಬಂದರೆ ಹೆದರಬೇಡಿ, ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇರುತ್ತೆ, ಅದನ್ನು ಹಾಕಿ. ಫಾಂಟ್‌ಗೆ ಬಲೂ ತಮ್ಮ ನೋಡಿ. ಉಚಿತ, ಯೂನಿಕೋಡ್, ಗುಂಡಗೆ ಚೆನ್ನಾಗಿದೆ.

ಈಗ ದುಡ್ಡು. ನಾನು ಒಂದು ಪುಟದ ಸ್ಕ್ರಿಪ್ಟ್ ಬರೆಯಲು ಒಂದು ಬೆಳಗ್ಗೆ ಸಾಕು. ಅದೇ ಪುಟ ಬಿಡಿಸಿ, ಇಂಕ್ ಮಾಡಿ, ಬಣ್ಣ ತುಂಬಲು ನನ್ನ ಜೊತೆಗಾರ್ತಿಗೆ ಎರಡು ಮೂರು ದಿನ ಬೇಕು. "ಬಂದ ಲಾಭದಲ್ಲಿ ಅರ್ಧ ಅರ್ಧ" ಅನ್ನುವುದು ಕೇಳಲು ನ್ಯಾಯವಾಗಿ ಕಂಡರೂ, ಲಾಭ ಬರದಿದ್ದರೆ ಜಾಸ್ತಿ ಕಳೆದುಕೊಳ್ಳುವವರು ಅವರೇ. ಪುಟಕ್ಕೆ ಇಷ್ಟು ಅಂತ ಕೊಡಿ. ಜಾಸ್ತಿ ಕೊಡಲು ಆಗದಿದ್ದರೆ ಪುಟಗಳನ್ನು ಕಡಿಮೆ ಮಾಡಿ, ರೇಟನ್ನಲ್ಲ. ಒಳ್ಳೆಯ ಹೆಸರು ಬರುತ್ತೆ, ಸುಮ್ನೆ ಮಾಡಿಕೊಡಿ ಅಂತ ಯಾರನ್ನೂ ಕೇಳಬೇಡಿ.

ಸ್ನೇಹಿತರೇ ಆದರೂ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಯಾರ ಹೆಸರು ಎಲ್ಲಿ, ಯಾವ ಅಳತೆಯಲ್ಲಿ, ಪುಸ್ತಕವಾದರೆ ಏನು, ಬೇರೆ ಭಾಷೆಗೆ ಹೋದರೆ ಏನು, ಒಬ್ಬರು ಬಿಟ್ಟುಹೋದರೆ ಏನು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಅಂತ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಬ್ಯಾಟ್‌ಮ್ಯಾನ್ 1939ರಲ್ಲಿ ಬಂದಾಗ ಹೆಸರು ಬಂದದ್ದು ಕಲಾವಿದ ಬಾಬ್ ಕೇನ್‌ಗೆ ಒಬ್ಬರಿಗೇ. ಜೊತೆಗೆ ಕೂತು ಆ ಪಾತ್ರವನ್ನು ರೂಪಿಸಿದ ಬರಹಗಾರ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹುಡುಕುವುದು ಎಲ್ಲಿ? ಬೆಂಗಳೂರಿಗೆ ಬರಲು ಆಗುವುದಾದರೆ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಬನ್ನಿ. ಇಡೀ ರಸ್ತೆ ಕಲಾವಿದರೇ ಇರುತ್ತಾರೆ. ಆದರೆ ಒಳ್ಳೆಯ ಪೇಂಟಿಂಗ್ ಮಾಡುವವರೆಲ್ಲ ಕಾಮಿಕ್ಸ್ ಮಾಡುತ್ತಾರೆ ಅಂತಿಲ್ಲ. ಒಂದೇ ಮುಖವನ್ನು ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ಭಾವದಲ್ಲಿ ಬಿಡಿಸಿದ್ದಾರಾ ಅಂತ ಅವರ ಸ್ಕೆಚ್ ಪುಸ್ತಕದಲ್ಲಿ ನೋಡಿ. ಊರಿನಲ್ಲೇ ಇದ್ದರೆ ಹತ್ತಿರದ ಕಲಾ ಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಮಾತಾಡಿಸಿ. ಕನ್ನಡದಲ್ಲಿ ಇದನ್ನೆಲ್ಲ ಯಾರು ಓದುತ್ತಾರೆ ಅಂತ ಅವರು ಕೇಳಬಹುದು. ಅಮರ ಚಿತ್ರಕಥೆಯ ಮೊದಲ ಹತ್ತು ಸಂಚಿಕೆಗಳು ಬಂದದ್ದೇ ಕನ್ನಡದಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಓಡಾಟದಿಂದ, ಅಂತ ಹೇಳಿ.

ಮೊದಲ ಮೆಸೇಜಿನಲ್ಲಿ ಇಡೀ ಕಾದಂಬರಿ ಕಳಿಸಬೇಡಿ. ಅವರ ಯಾವ ಚಿತ್ರ ನಿಮಗೆ ಹಿಡಿಸಿತು, ಕಥೆ ಏನು ಅಂತ ನಾಲ್ಕು ಸಾಲು, ಎಷ್ಟು ಪುಟ, ಯಾವಾಗ ಬೇಕು, ಎಷ್ಟು ಕೊಡುತ್ತೀರಿ. ಪುಟ ನಾಲ್ಕಕ್ಕಿಂತ ಜಾಸ್ತಿ ಬೇಡ. ನಮ್ಮ ಅಜ್ಜನ ಕಥೆಯೂ ಕೊನೆಗೆ ಮುಗಿದದ್ದು ಹಾಗೆಯೇ. ಮೊದಲು ಲಾಂಚ್ ಹತ್ತುವ ನಾಲ್ಕು ಪುಟ ಮಾಡಿದೆವು. ಅದನ್ನು ನೋಡಿ, ಐದನೇ ಪುಟದಲ್ಲಿ ಏನಾಗುತ್ತೆ ಅಂತ ಅವರೇ ಹೇಳಿದರು.