ಇಂಗ್ಲೆಂಡಿನಲ್ಲಿದ್ದೇನೆ, ಹಳೇ ಬ್ರಿಟಿಷ್ ಕಾರು ಕೊಳ್ಳುವ ಆಸೆ. ಗ್ಯಾರೇಜ್ ಇಲ್ಲ, ಬೀದಿಯಲ್ಲೇ ನಿಲ್ಲಿಸಬೇಕು. ಎಂಜಿಬಿ, ಮಾರಿಸ್ ಮೈನರ್, ಟ್ರಯಂಫ್ ಹೆರಾಲ್ಡ್: ಯಾವುದಕ್ಕೆ ಮೇಂಟೆನೆನ್ಸ್ ಕಡಿಮೆ?

ಯಾವುದಕ್ಕೂ ಕಡಿಮೆ ಇಲ್ಲ. ಮೇಂಟೆನೆನ್ಸ್ ಕಡಿಮೆ ಇರುವ ಕಾರು ಬೇಕಿದ್ದರೆ ಹತ್ತು ವರ್ಷ ಹಳೆಯದೊಂದು ಜಪಾನಿ ಕಾರು ತಗೊಳ್ಳಿ, ಆರಾಮಾಗಿರಿ.

ಒರಟಾಗಿ ಹೇಳಿದೆ ಅಂತ ಬೇಜಾರು ಮಾಡ್ಕೋಬೇಡಿ. ಇದೇ ಮೂರು ಹೆಸರು ಇಟ್ಟುಕೊಂಡು ಇದೇ ಪ್ರಶ್ನೆಯನ್ನು ಸಿಕ್ಕಸಿಕ್ಕವರಿಗೆಲ್ಲ ಕೇಳಿದವನು ನಾನು. ಕೊನೆಗೆ ಹೆರಾಲ್ಡ್ ತಗೊಂಡೆ. 1969ರದ್ದು, 13/60 ಮಾಡೆಲ್, 1296 ಸಿಸಿ ಎಂಜಿನ್. ಕೆಲಸಕ್ಕೆ ಅಂತ ಬಂದು ಸೇರಿದ್ದು ಕವೆಂಟ್ರಿಗೆ, ಆ ಕಾರು ಹುಟ್ಟಿದ್ದೂ ಇದೇ ಊರಿನ ಕ್ಯಾನ್ಲಿ ಕಾರ್ಖಾನೆಯಲ್ಲಿ. ಆದರೆ ನಿಜವಾದ ಕಾರಣ ಅದಲ್ಲ. ಮೈಸೂರಿನಲ್ಲಿ ನಮ್ಮ ದೊಡ್ಡಪ್ಪನ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಆ ಕಾರು ಇದೇ ಟ್ರಯಂಫ್ ಹೆರಾಲ್ಡು, ಬ್ಯಾಡ್ಜ್ ಮಾತ್ರ ಬೇರೆ. ನಾಲ್ಕು ಜನ ದೊಡ್ಡವರು, ಮೂರು ಮಕ್ಕಳು, ಬುತ್ತಿ ಚೀಲ ಎಲ್ಲಾ ತುಂಬಿಕೊಂಡು ನಂಜನಗೂಡಿಗೆ ಹೊರಟರೆ ಹಿಂದಿನ ಚಕ್ರಗಳೆರಡೂ ಕಾಲು ಅಗಲಿಸಿ ನಿಲ್ಲುತ್ತಿದ್ದವು. ಹಿಂದೆ ಇದ್ದದ್ದು ಅಡ್ಡಕ್ಕೆ ಒಂದೇ ಒಂದು ಪಟ್ಟಿ ಸ್ಪ್ರಿಂಗು, ಅದರ ಮೇಲೆ ನಮ್ಮಂಥ ಸಂಸಾರದ ಭಾರ ಬೀಳುತ್ತದೆ ಅಂತ ಕವೆಂಟ್ರಿಯ ಎಂಜಿನಿಯರುಗಳು ಯೋಚನೆ ಮಾಡಿರಲಿಕ್ಕಿಲ್ಲ.

ಈ ದೊಡ್ಡಪ್ಪನ ಕಾರೇ ನನಗೆ ಮುಂದೆ ಮುಳುವಾಯಿತು. ಅದನ್ನು ಹೇಳುವ ಮುಂಚೆ ಹೆರಾಲ್ಡ್ ಯಾಕೆ ಇಷ್ಟ ಆಗುತ್ತದೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದಕ್ಕೆ ಅನ್ಯಾಯ ಆಗುತ್ತದೆ. ಬಾನೆಟ್ಟು, ಎರಡು ಮಡ್‌ಗಾರ್ಡು, ಲೈಟು, ಎಲ್ಲಾ ಒಟ್ಟಾಗಿ ಮುಂದಕ್ಕೆ ಮಗುಚಿಕೊಳ್ಳುತ್ತವೆ. ಮುಂದಿನ ಟೈರಿನ ಮೇಲೆ ಕೂತು ಕಾರ್ಬೊರೇಟರ್ ಬಿಚ್ಚಬಹುದು. ಸೊಂಟ ನೋವು ಇರುವವರಿಗೆ ಇದಕ್ಕಿಂತ ಒಳ್ಳೆ ಕಾರು ಇಲ್ಲ. ಸುಮಾರು 25 ಅಡಿ ಜಾಗ ಇದ್ದರೆ ಪೂರ್ತಿ ತಿರುಗಿಸಿಬಿಡಬಹುದು, ಕಿರಿದಾದ ಬೀದಿಯಲ್ಲಿ ಯೂ ಟರ್ನ್ ಹೊಡೆದರೆ ನೋಡುವವರು ನಿಂತು ನೋಡುತ್ತಾರೆ. ಕೆಳಗೆ ಬೇರೆಯದೇ ಚಾಸಿ, ಮೇಲೆ ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂರಿಸಿದ ಬಾಡಿ. 1959ರಲ್ಲಿ ಬಂದ ಕಾರಿಗೆ ಇದು ಹಳೇ ಕಾಲದ ಪದ್ಧತಿಯೇ. ಆದರೆ ಬಾಡಿ ಮಾಡಿಕೊಡುತ್ತಿದ್ದ ಫಿಷರ್ ಅಂಡ್ ಲಡ್ಲೋ ಕಂಪನಿಯನ್ನು 1953ರಲ್ಲಿ ಎದುರಾಳಿ ಕಾರು ಕಂಪನಿ ಬಿಎಂಸಿ ಕೊಂಡುಬಿಟ್ಟಿತ್ತು. ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸುವ ದಾರಿ ಇರಲಿಲ್ಲ. ಹಾಗಾಗಿ ಬೇರೆ ಬೇರೆ ಕಡೆ ತುಂಡುಗಳನ್ನು ಮಾಡಿಸಿ ಜೋಡಿಸಿದರು. ಟುರಿನ್‌ನ ಜೊವಾನಿ ಮಿಕೆಲೊಟ್ಟಿ ಅದಕ್ಕೆ ಚಂದದ ರೂಪ ಕೊಟ್ಟ. ಆಗಿನ ಕಂಪನಿಯ ಕಷ್ಟ ಈಗ ನಮಗೆ ಲಾಭ, ಯಾವ ಭಾಗ ಹಾಳಾದರೂ ಅದೊಂದನ್ನೇ ಬಿಚ್ಚಿ ಬದಲಾಯಿಸಬಹುದು.

ಈಗ ನನ್ನ ಕಥೆ. ದೊಡ್ಡಪ್ಪನ ಕಾರು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಬೆಳಗಿಂದ ಸಂಜೆವರೆಗೆ ಅಂಬಾಸಿಡರ್ ರಿಪೇರಿ ಮಾಡುವವರು. ಗ್ರೀಸ್ ಗನ್ ಹಿಡಿದು ಕಾರಿನ ಕೆಳಗೆ ಹೋದರೆ ಕಂಡ ನಿಪ್ಪಲಿಗೆಲ್ಲಾ (ಗ್ರೀಸ್ ತುಂಬುವ ಸಣ್ಣ ಮೂತಿ) ಗ್ರೀಸ್ ಒತ್ತಿಯೇ ಹೊರಗೆ ಬರುತ್ತಿದ್ದರು. ಟಾರ್ಚ್ ಹಿಡಿಯುವ ಕೆಲಸ ನನ್ನದು. 'ಗ್ರೀಸ್ ಜಾಸ್ತಿ ಆಗಿ ಕೆಟ್ಟ ಗಾಡಿ ಇಲ್ಲ ಕಣೋ' ಅನ್ನುತ್ತಿದ್ದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಇಲ್ಲಿ ನನ್ನದೇ ಹೆರಾಲ್ಡ್ ಬಂದಾಗ ಮೊದಲು ತಗೊಂಡದ್ದು ಒಂದು ಒಳ್ಳೆ ಗ್ರೀಸ್ ಗನ್. ಕಾರಿನ ಜೊತೆ ವರ್ಕ್‌ಶಾಪ್ ಮ್ಯಾನ್ಯುಯಲ್ಲೂ ಬಂದಿತ್ತು. ಅದನ್ನು ಪುಸ್ತಕದ ಕಪಾಟಿನಲ್ಲಿ ಇಟ್ಟೆ. ನಮಗೆ ಹೆರಾಲ್ಡ್ ಗೊತ್ತಿಲ್ಲವಾ, ಚಿಕ್ಕಂದಿನಿಂದ ನೋಡಿದ್ದೀವಲ್ಲ.

ಇಲ್ಲಿ ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದಿ. ಹೆರಾಲ್ಡಿನ ಮುಂದಿನ ಚಕ್ರವನ್ನು ಹಿಡಿದಿರುವುದು ನೆಟ್ಟಗೆ ನಿಂತ ಒಂದು ಉಕ್ಕಿನ ತುಂಡು, ವರ್ಟಿಕಲ್ ಲಿಂಕ್ ಅಂತಾರೆ. ಅದರ ಮೇಲ್ತುದಿಗೆ ಬಾಲ್ ಜಾಯಿಂಟ್. ಕೆಳತುದಿಗೆ ಬಾಲ್ ಜಾಯಿಂಟ್ ಇಲ್ಲ. ಅಲ್ಲಿ ಬೋಲ್ಟಿಗೆ ಇರುವಂತೆ ಥ್ರೆಡ್ ಇದೆ, ಆ ಥ್ರೆಡ್ಡು ಹಿತ್ತಾಳೆಯಂಥ ಲೋಹದ ಒಂದು ಗಟ್ಟಿಯೊಳಗೆ ಸುತ್ತಿಕೊಂಡು ಕೂತಿರುತ್ತದೆ. ಆ ಗಟ್ಟಿಗೆ ಟ್ರನಿಯನ್ ಅನ್ನುತ್ತಾರೆ. ನೀವು ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಥ್ರೆಡ್ಡು ಅದರೊಳಗೆ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಮತ್ತೆ ಬಿಗಿಯುತ್ತದೆ. ಅಂದರೆ ಕಾರಿನ ಮುಂಭಾಗದ ಭಾರ, ಗುಂಡಿಗೆ ಬಿದ್ದ ಹೊಡೆತ, ಬ್ರೇಕಿನ ಎಳೆತ, ಎಲ್ಲಾ ಬರುವುದು ಈ ಥ್ರೆಡ್ಡಿನ ಮೇಲೆ. ಅದು ಸದಾ ಎಣ್ಣೆಯಲ್ಲಿ ನೆನೆದಿರಬೇಕು. ಎಣ್ಣೆ ಅಂದರೆ ಎಣ್ಣೆಯೇ, ಇಪಿ90 ಗೇರ್ ಆಯಿಲ್. ಗ್ರೀಸ್ ಅಲ್ಲ.

ಗ್ರೀಸ್ ಹಾಕಿದರೆ ಏನಾಗುತ್ತದೆ? ಕೆಳಗಿನ ಗುಳಿಯಲ್ಲಿ ತುಂಬಿಕೊಳ್ಳುತ್ತದೆ ಅಷ್ಟೇ, ಥ್ರೆಡ್ಡಿನ ಸಂದಿಯೊಳಗೆ ಸರಿಯಾಗಿ ಹತ್ತುವುದಿಲ್ಲ. ಕಾಲ ಕಳೆದ ಹಾಗೆ ಗಟ್ಟಿಯಾಗಿ, ಮುಂದೆ ಎಣ್ಣೆ ಹಾಕಿದರೂ ಅದು ಮೇಲೆ ಹೋಗದಂತೆ ಅಡ್ಡ ನಿಲ್ಲುತ್ತದೆ. ಮೇಲಿನ ಸೀಲ್ ಹಳೆಯದಾದರೆ ಮಳೆನೀರು ಇಳಿಯುತ್ತದೆ, ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಸುರಿಯುವ ಉಪ್ಪೂ ಅದರ ಜೊತೆಗೇ ಇಳಿಯುತ್ತದೆ. ಒಳಗೆ ಉಕ್ಕಿಗೆ ತುಕ್ಕು ಹಿಡಿದು ಸಣ್ಣ ಸಣ್ಣ ಗುಳಿ ಬೀಳುತ್ತವೆ, ಅಂಥದ್ದೊಂದು ಗುಳಿಯಿಂದ ಬಿರುಕು ಶುರುವಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಸ್ಟಿಯರಿಂಗ್ ಸ್ವಲ್ಪ ಬಿಗಿ ಅನ್ನಿಸಬಹುದು. ನನಗೆ ಅನ್ನಿಸಿತ್ತು. ಅದಕ್ಕೆ ನಾನು ಮಾಡಿದ ಮದ್ದು ಏನು ಹೇಳಿ? ಇನ್ನಷ್ಟು ಗ್ರೀಸ್.

ಕಂಪನಿಯವರು ಟ್ರನಿಯನ್ನಿನ ತೂತಿಗೆ ಸುಮ್ನೆ ಒಂದು ಪ್ಲಗ್ ಹಾಕಿರುತ್ತಾರೆ. ಪ್ಲಗ್ ತೆಗೆದು, ನಿಪ್ಪಲ್ ಕೂರಿಸಿ, ಗೇರ್ ಆಯಿಲ್ ತುಂಬಿದ ಗನ್ನಿನಿಂದ ಒತ್ತಿ, ಮತ್ತೆ ಪ್ಲಗ್ ಹಾಕಬೇಕು ಅನ್ನುವುದು ಕ್ರಮ. ನನ್ನ ಕಾರಿನ ಹಿಂದಿನ ಮಾಲೀಕ ಯಾರೋ ನಿಪ್ಪಲನ್ನೇ ಖಾಯಂ ಆಗಿ ಬಿಟ್ಟಿದ್ದ. ನಿಪ್ಪಲ್ ಕಂಡ ಮೇಲೆ ನನ್ನ ಕೈ ಸುಮ್ಮನಿರುತ್ತಾ? ಪದೇ ಪದೇ ಗ್ರೀಸ್ ಮಾಡುವ ಕಾಟ ಇಲ್ಲ ಅನ್ನುವುದು ಹೆರಾಲ್ಡ್ ಬಂದಾಗಿನ ಹೆಗ್ಗಳಿಕೆಗಳಲ್ಲಿ ಒಂದಾಗಿತ್ತು ಅಂತ ಆಮೇಲೆ ತಿಳಿಯಿತು. ಅಂಥ ಕಾರಿಗೆ ನಾನು ಹಟ ಹಿಡಿದು ಗ್ರೀಸ್ ತುಂಬಿದ್ದೆ.

ಮುರಿದದ್ದು ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್‌ನಲ್ಲಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತಗೊಳ್ಳುತ್ತಿದ್ದೆ. ಟಕ್ ಅಂತ ಒಂದು ಶಬ್ದ, ಕಾರಿನ ಎಡ ಮೂತಿ ನೆಲಕ್ಕೆ ಕೂತಿತು. ಚಕ್ರ ಒಳಕ್ಕೆ ಮಡಚಿ, ಮಡ್‌ಗಾರ್ಡ್ ಅದರ ಮೇಲೆ ಬಿದ್ದು ಬಗ್ಗಿ, ಬ್ರೇಕಿನ ಹೋಸ್ ಕಿತ್ತು ಬಂದಿತ್ತು. ನಡಿಗೆಗಿಂತ ನಿಧಾನ ಇದ್ದೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಅದಕ್ಕೂ ಸ್ವಲ್ಪ ಮುಂಚೆ ಇದೇ ಕಾರಿನಲ್ಲಿ ಹೆಂಡತಿ, ಮಗಳನ್ನು ಕೂರಿಸಿಕೊಂಡು ಎಂ6 ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ ವೇಗದಲ್ಲಿ ಹೋಗಿದ್ದೆ. ಅದು ನೆನಪಾಗಿ ಟ್ರೋಲಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕಾರು ಎತ್ತಿಕೊಂಡು ಹೋಗಲು ಬಂದ ಮುದುಕ ಬಗ್ಗಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: 'ಗ್ರೀಸ್ ಹಾಕಿದ್ಯಾ?'

ಟ್ರನಿಯನ್ನಿನ ಬೆಲೆ ನೂರು ಪೌಂಡೂ ಇಲ್ಲ. ನನಗೆ ಒಟ್ಟು ಖರ್ಚು ಸಾವಿರ ಪೌಂಡ್ ದಾಟಿತು, ಯಾಕೆಂದರೆ ಬಲಗಡೆಯದನ್ನೂ ಬಿಚ್ಚಿ ನೋಡಿದಾಗ ಅದೂ ಮುರಿಯಲು ಸಿದ್ಧವಾಗಿತ್ತು. ಜೊತೆಗೆ ಹಳೇ ಸಾಮಾನಿನವರ ಹತ್ತಿರ ಒಂದು ಮಡ್‌ಗಾರ್ಡ್ ಹುಡುಕಿ, ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಬೇಕಾಯಿತು. ಹತ್ತಿರ ನಿಂತು ನೋಡಿದರೆ ಬಣ್ಣ ಇವತ್ತಿಗೂ ಬೇರೆ ಕಾಣುತ್ತದೆ. ನೀವೇ ಬಿಚ್ಚಿ ಜೋಡಿಸುವುದಾದರೆ ಒಂದು ಮಾತು, ಎಡದ ಟ್ರನಿಯನ್ನು ಬಲಕ್ಕೆ ಆಗುವುದಿಲ್ಲ, ಎಡಗಡೆಯದು ಉಲ್ಟಾ ಥ್ರೆಡ್ಡು. ಪೂರ್ತಿ ಬಿಗಿದು ಅಲ್ಲಿಗೇ ಬಿಡಲೂಬಾರದು, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗುವಷ್ಟು ಹಿಂದಕ್ಕೆ ಬಿಚ್ಚಬೇಕು.

ಆಮೇಲೆ ನನಗೆ ಗೊತ್ತಾದ ತಮಾಷೆ ನೋಡಿ. ನಿಮ್ಮ ಪಟ್ಟಿಯಲ್ಲಿರುವ ಮಾರಿಸ್ ಮೈನರ್‌ಗೂ ಮುಂದೆ ಟ್ರನಿಯನ್ ಇದೆ, ಅದೂ ನೋಡಿಕೊಳ್ಳದಿದ್ದರೆ ಹೀಗೇ ಚಕ್ರ ಮಡಚಿ ಕೂರುತ್ತದೆ. ಆದರೆ ಅದಕ್ಕೆ ಬೇಕಾದದ್ದು ಗ್ರೀಸ್! ಅದೂ ಆಗಾಗ ಬೇಕು. ನಮ್ಮ ಅಂಬಾಸಿಡರ್ ಬಂದದ್ದು ಮಾರಿಸ್ ಆಕ್ಸ್‌ಫರ್ಡ್‌ನಿಂದ, ಅದೂ ಗ್ರೀಸ್ ಬೇಡುವ ಜಾತಿಯೇ. ದೊಡ್ಡಪ್ಪನ ಮೆಕ್ಯಾನಿಕ್ ದಡ್ಡರಲ್ಲ, ಅವರ ಮಾತು ಅವರ ಕೈಗೆ ಬರುತ್ತಿದ್ದ ಹೆಚ್ಚಿನ ಗಾಡಿಗಳಿಗೆ ಸರಿಯಾಗಿಯೇ ಇತ್ತು. ಹೆರಾಲ್ಡ್ ಅವರಿಗೆ ಅಪರೂಪ. ಅವರ ಅಂಬಾಸಿಡರ್ ಬುದ್ಧಿಯನ್ನು ನಾನು ಕವೆಂಟ್ರಿಗೆ ತಂದು ಹೆರಾಲ್ಡಿಗೆ ಹಾಕಿದೆ.

ಹಾಗಾಗಿ 'ಬ್ರಿಟಿಷ್ ಕ್ಲಾಸಿಕ್' ಅನ್ನೋ ಒಂದು ಗುಂಪು ಮಾಡಿಕೊಂಡು ಅದರಲ್ಲಿ ಯಾವುದು ಸುಲಭ ಅಂತ ಕೇಳುವುದನ್ನು ಬಿಡಿ. ಒಂದಕ್ಕೆ ಮಾಡುವ ಆರೈಕೆ ಇನ್ನೊಂದನ್ನು ಕೊಲ್ಲುತ್ತದೆ. ಮೂರರಲ್ಲಿ ನಿಮಗೆ ನೋಡಿದ ಕೂಡಲೇ ಇಷ್ಟ ಆಗುವುದು ಯಾವುದೋ ಅದನ್ನೇ ತಗೊಳ್ಳಿ. ಕಾರಿಗಿಂತ ಮೊದಲು ಅದರ ವರ್ಕ್‌ಶಾಪ್ ಮ್ಯಾನ್ಯುಯಲ್ ತಗೊಂಡು ಲೂಬ್ರಿಕೇಶನ್ ಪುಟವನ್ನು ಪರೀಕ್ಷೆಗೆ ಓದಿದ ಹಾಗೆ ಓದಿ. ಹೆರಾಲ್ಡ್ ತಗೊಂಡರೆ ಎರಡು ಗನ್ ಇಟ್ಟುಕೊಳ್ಳಿ, ಒಂದು ಗ್ರೀಸಿಗೆ, ಒಂದು ಆಯಿಲಿಗೆ. ಆಯಿಲ್ ತುಂಬಿದ್ದು ಸೋರುತ್ತದೆ, ಅಂಗಿ ಹಾಳಾಗುತ್ತದೆ, ಹಾಳಾಗಲಿ ಬಿಡಿ. ನಾನೀಗ ಚಳಿಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ, ಹೊಸ ಎಣ್ಣೆ ಮೇಲಿನಿಂದ ಉಕ್ಕುವ ತನಕ ಒತ್ತುತ್ತೇನೆ.

ಎಂಜಿಬಿ ಬಗ್ಗೆ ಎರಡು ಮಾತು. ಅದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಸಿಲ್‌ಗಳಿಗೆ ತುಕ್ಕು ಹಿಡಿದರೆ ಕಾರಿನ ಬೆನ್ನುಮೂಳೆಯೇ ಹೋದಂತೆ. ಅದನ್ನು ಪುಟ್ಟಿ ತುಂಬಿ ಮುಚ್ಚಿ ಮಾರುವವರು ಇದ್ದಾರೆ. ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಂಡು ಹೋಗಿ, ಬಟ್ಟೆ ಸುತ್ತಿ ಒತ್ತಿ ನೋಡಿ, ಪುಟ್ಟಿ ಇದ್ದ ಕಡೆ ಅದು ಅಂಟುವುದಿಲ್ಲ. ಥಳಥಳ ಹೊಳೆಯುವ ಹೊಸ ಪೇಂಟ್ ಕಂಡರೆ ನಾನಂತೂ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಬಣ್ಣ ಮಾಸಿದ್ದರೂ ಪರವಾಗಿಲ್ಲ, ಮಾಲೀಕ ದಪ್ಪನೆ ಫೈಲಿನಲ್ಲಿ ಬಿಲ್ಲುಗಳನ್ನು ಇಟ್ಟಿರಬೇಕು, ವಾರಕ್ಕೊಮ್ಮೆಯಾದರೂ ಓಡಿಸುತ್ತಿರಬೇಕು. ಷೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಕಾರನ್ನು 'ಕಡಿಮೆ ಓಡಿದೆ' ಅಂತ ಹೊಗಳಿದರೆ ನಂಬಬೇಡಿ. ನಿಂತಲ್ಲೇ ಸೀಲು, ಹೋಸು, ಬ್ರೇಕು ಎಲ್ಲಾ ಕೆಡುತ್ತವೆ.

ಪೆಟ್ರೋಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2021ರ ಸೆಪ್ಟೆಂಬರಿನಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಅಂದರೆ ಇ10, ಅದರಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರ್ ಹೋಸುಗಳನ್ನು ಅದು ತಿನ್ನುತ್ತದೆ. ದುಡ್ಡು ಜಾಸ್ತಿಯಾದರೂ ಎಥನಾಲ್ ಕಡಿಮೆ ಇರುವ ಸೂಪರ್ ಅನ್‌ಲೆಡೆಡ್ ಇ5 ಹಾಕಿಸಿ, ಹೋಸುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿ. ಇನ್ನು 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಸೊನ್ನೆ, ದೊಡ್ಡ ಬದಲಾವಣೆ ಮಾಡಿಸದ ಕಾರಾದರೆ 2018ರಿಂದ ಗಾಡಿ ಓಡಿಸಲು ಸುರಕ್ಷಿತವಾ ಅಂತ ನೋಡುವ ವರ್ಷದ ಎಂಒಟಿ ಪರೀಕ್ಷೆಯೂ ಕಡ್ಡಾಯವಲ್ಲ. ಈ ರಿಯಾಯಿತಿ ನೋಡಿ ಖುಷಿಪಟ್ಟು ಎಂಒಟಿ ಬಿಟ್ಟವರಲ್ಲಿ ನಾನೂ ಒಬ್ಬ. ನನ್ನ ಥ್ರೆಡ್ಡಿನ ಬಿರುಕು ಆ ಪರೀಕ್ಷೆಯಲ್ಲಿ ಕಾಣುತ್ತಿತ್ತಾ? ಬಹುಶಃ ಇಲ್ಲ. ಆದರೂ ವರ್ಷಕ್ಕೊಮ್ಮೆ ಬೇರೆಯವರ ಕಣ್ಣು ಕಾರಿನ ಅಡಿಗೆ ಹೋಗಬೇಕು. ಈಗ ನಾನು ತಪ್ಪದೆ ಮಾಡಿಸುತ್ತೇನೆ, ನೀವೂ ಮಾಡಿಸಿ.

ಗ್ಯಾರೇಜ್ ಇಲ್ಲ, ಬೀದಿಯಲ್ಲೇ ನಿಲ್ಲಿಸಬೇಕು ಅಂತ ಬೇರೆ ಬರೆದಿದ್ದೀರಿ. ಹಾಗಾದರೆ ಮೂರೂ ಸದ್ಯಕ್ಕೆ ಬೇಡ. ಮೊದಲು ತಿಂಗಳ ಬಾಡಿಗೆಗೆ ಒಂದು ಒಣ ಗ್ಯಾರೇಜ್ ಹುಡುಕಿ. ಅದು ಸಿಕ್ಕ ಮೇಲೆ ಯಾವ ಕಾರು ನೋಡಿದಿರಿ ಅಂತ ಇಲ್ಲೇ ಕೆಳಗೆ ಹಾಕಿ, ಮುಂದಿನಿಂದ ತೆಗೆದ ಚಂದದ ಫೋಟೋ ಬೇಡ, ಕಾರಿನ ಅಡಿಯಿಂದ ತೆಗೆದದ್ದು ಬೇಕು.