ನಾಲ್ಕು ಎಪಿ, ಒಂದು ಕ್ಲಾರಿನೆಟ್, ರಾತ್ರಿ ಒಂದು ಗಂಟೆ

ಪ್ರಶ್ನೆ: ಮಗಳು ಈಗ ಹನ್ನೊಂದನೇ ಕ್ಲಾಸು. ಎಪಿ ಯು.ಎಸ್. ಹಿಸ್ಟರಿ, ಕ್ಯಾಲ್ಕುಲಸ್ ಬಿಸಿ, ಕೆಮಿಸ್ಟ್ರಿ, ಇಂಗ್ಲಿಷ್ ಲ್ಯಾಂಗ್ವೇಜ್, ನಾಲ್ಕು ಎಪಿ ಒಟ್ಟಿಗೆ ತಗೊಂಡಿದ್ದಾಳೆ. ಮೇಲೆ ಸ್ಕೂಲಿನ ಮಾರ್ಚಿಂಗ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಬೇರೆ. ಉಳಿದದ್ದೆಲ್ಲ ಹೇಗೋ ನಡೀತಿದೆ, ಹಿಸ್ಟರಿ ಮಾತ್ರ ರಾತ್ರಿ ಒಂದು ಗಂಟೆವರೆಗೂ ಕೂರಿಸುತ್ತದೆ. ಒಂದು ಚಾಪ್ಟರಿಗೆ ಹನ್ನೆರಡು ಪುಟ ನೋಟ್ಸ್ ಬರೆಯುತ್ತಾಳೆ, ಆದರೂ ಮೊದಲ ಟೆಸ್ಟಲ್ಲಿ ಸಿ ಬಂತು. "ಇಂಜಿನಿಯರಿಂಗ್ ಮಾಡೋಳಿಗೆ ಹಿಸ್ಟರಿ ಯಾಕೆ, ಬಿಟ್ಟುಬಿಡಲಿ" ಅಂತಾರೆ ನಮ್ಮವರು. ಬಿಡಲ್ಲ ಅಂತ ಅವಳು ಅಳುತ್ತಾಳೆ. ಏನು ಮಾಡೋದು?
– ಒಬ್ಬ ತಾಯಿ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಮೊದಲು ಆ ಹನ್ನೆರಡು ಪುಟದ ವಿಷಯ. ಅದು ಅವಳಿಗೆ ಎಲ್ಲಿಂದ ಬಂತು ಅಂತೀರಿ? ನಮ್ಮಿಂದಲೇ ಅಲ್ವಾ. ಅಕ್ಬರನ ಆಡಳಿತ ಅಂದರೆ ಎಂಟು ಪಾಯಿಂಟು, ಪಾಯಿಂಟಿಗೆ ಅರ್ಧ ಅಂಕ, ಕೊನೆಗೆ ಸ್ಕೇಲಿಟ್ಟು ಒಂದು ಗೆರೆ, ಹೀಗೆ ಓದಿ ಬಂದವರು ನಾವು. ಪಕ್ಕದಲ್ಲಿ ನಿಂತು "ಎಲ್ಲಾ ಬರ್ಕೊಂಡ್ಯಾ?" ಅಂತ ಕೇಳುವವರೂ ನಾವೇ. ನನ್ನ ಮಗ ಈ ಕೋರ್ಸು ಮಾಡುವಾಗ ನಾನೂ ಅದನ್ನೇ ಮಾಡಿದೆ. ಡಿಸೆಂಬರ್‌ವರೆಗೂ ಅವನ ಗ್ರೇಡು ಮೇಲೇಳಲಿಲ್ಲ.

ಈ ಪರೀಕ್ಷೆ ಕೇಳುವುದೇ ಬೇರೆ. (ಊರಿನ ಓದುಗರಿಗೆ: ಎಪಿ ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ. ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಪರೀಕ್ಷೆ ನಡೆಸಿ 1ರಿಂದ 5ರೊಳಗೆ ಸ್ಕೋರ್ ಕೊಡುತ್ತದೆ.) ಹಿಸ್ಟರಿಯದ್ದು 3 ಗಂಟೆ 15 ನಿಮಿಷ. 55 ಬಹು ಆಯ್ಕೆ ಪ್ರಶ್ನೆಗಳಿಗೆ ಇರುವುದು 40 ಶೇಕಡಾ ಮಾತ್ರ, ಅವೂ ಒಂದು ಹಳೆಯ ಪತ್ರದ ತುಣುಕೋ ವ್ಯಂಗ್ಯಚಿತ್ರವೋ ನಕ್ಷೆಯೋ ಕೊಟ್ಟು ಕೇಳುವಂಥವು. ಉಳಿದ 60 ಶೇಕಡಾ ಪೂರ್ತಿ ಬರವಣಿಗೆ. ಮಕ್ಕಳು ಹೆದರುವ ಡಿಬಿಕ್ಯೂಗೆ, ಅಂದರೆ ದಾಖಲೆ ಓದಿ ಬರೆಯುವ ಪ್ರಬಂಧಕ್ಕೆ, ಒಂದು ಗಂಟೆ, ಏಳು ದಾಖಲೆ. ಅವನ್ನು ಓದಿ ನೀನೇನು ವಾದ ಮಾಡ್ತೀಯ ಅನ್ನುವುದಷ್ಟೇ ಪ್ರಶ್ನೆ. ಹನ್ನೆರಡು ಪುಟದ ನೋಟ್ಸ್ ಅಲ್ಲಿ ಏನು ಮಾಡಬೇಕು ಪಾಪ.

ಹಾಗಾಗಿ ಓದುವ ರೀತಿ ಬದಲಾಗಲಿ. ಚಾಪ್ಟರಿನ ತಲೆಬರಹಗಳನ್ನೂ ಕೊನೆಯ ಪ್ರಶ್ನೆಗಳನ್ನೂ ಮೊದಲು ನೋಡಲಿ, ಆಮೇಲೆ ಮುಕ್ಕಾಲು ಗಂಟೆ ಪೆನ್ನು ಮುಟ್ಟದೆ ಓದಲಿ. ಪುಸ್ತಕ ಮುಚ್ಚಿ ಅರ್ಧ ಪುಟ ಬರೆಯಲಿ: ಏನು ಬದಲಾಯ್ತು, ಯಾಕೆ, ಯಾರಿಗೆ ಲಾಭ, ಯಾರಿಗೆ ಪೆಟ್ಟು. ಸಾಕ್ಷಿಗೆ ನಾಲ್ಕೈದು ಹೆಸರು, ಇಸವಿ ಸಾಕು. ಒಂದು ಉದಾಹರಣೆ ಕೊಡ್ತೀನಿ. 1882ರಲ್ಲಿ ಚೀನೀಯರಿಗೆ ಬಾಗಿಲು ಮುಚ್ಚಿದರು. 1917ರಲ್ಲಿ ಭಾರತವೂ ಸೇರಿ ಏಷ್ಯಾದ ದೊಡ್ಡ ಭಾಗಕ್ಕೇ ಮುಚ್ಚಿದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವವರ ಕೇಸಲ್ಲಿ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. 1946ರಲ್ಲಿ ಪೌರತ್ವ ಸಿಕ್ಕಿತು, ಆದರೆ ಭಾರತದಿಂದ ಬರೋಕೆ ವರ್ಷಕ್ಕೆ ನೂರು ಜನರ ಕೋಟಾ. 1965ರ ಕಾನೂನು ಆ ಹಳೇ ಕೋಟಾ ಪದ್ಧತಿಯನ್ನೇ ತೆಗೆಯಿತು, 1990ರದ್ದು ಎಚ್-1ಬಿ ತಂದಿತು. ಈಗ ನೀವು ಫ್ರೀಮಾಂಟಿಗೆ ಹೇಗೆ ಬಂದಿರಿ ಅಂತ ಊಟ ಮಾಡ್ತಾ ಅವಳಿಗೆ ಹೇಳಿ ನೋಡಿ. ಆರೂ ಇಸವಿ ತಲೆಯಲ್ಲಿ ಕೂತುಬಿಡುತ್ತವೆ, ಒಂದು ಪ್ರಬಂಧಕ್ಕೆ ಬೇಕಾದ ಸಾಮಗ್ರಿಯೂ ಸಿಕ್ಕಿತು.

ಇನ್ನೊಂದು. ಇಡೀ ಪಾಠ ಒಂಬತ್ತು ಕಾಲಘಟ್ಟ. ಮೊದಲನೆಯದು 1491ರಿಂದ 1607, ಕೊನೆಯದು 1980ರ ನಂತರ, ಇವೆರಡಕ್ಕೆ ತಲಾ 4ರಿಂದ 6 ಶೇಕಡಾ ಅಷ್ಟೇ. 1754ರಿಂದ 1980ರವರೆಗಿನ ಆರು ಘಟ್ಟಗಳಿಗೆ ತಲಾ 10ರಿಂದ 17. ಹೊಸ ಪುಸ್ತಕಕ್ಕೆ ಬೈಂಡ್ ಹಾಕಿ ಮೊದಲ ಪಾಠಕ್ಕೆ ಮಾತ್ರ ಬಣ್ಣಬಣ್ಣದ ಗೆರೆ ಎಳೆಯುವ ಚಟ ನಮ್ಮ ಮಕ್ಕಳಿಗೂ ಇದೆ. ಕೊಲಂಬಸ್ಸಿಗೇ ಶಕ್ತಿ ಖರ್ಚು ಮಾಡಬೇಡ ಅನ್ನಿ.

ವಾರದ ಲೆಕ್ಕ ಹೀಗಿರಲಿ. ಕ್ಯಾಲ್ಕುಲಸ್, ಕೆಮಿಸ್ಟ್ರಿ ದಿನಾ ಸ್ವಲ್ಪ ಸ್ವಲ್ಪ ಮಾಡಬೇಕು, ಗುಡ್ಡೆ ಹಾಕಿದರೆ ಕೆಟ್ಟಿತು. ಹಿಸ್ಟರಿ ಓದು ಹಾಗಲ್ಲ, ಒಟ್ಟಿಗೆ ಕೂತು ಮಾಡಬಹುದು. ಫುಟ್‌ಬಾಲ್ ಸೀಸನ್ ಮುಗಿಯುವ ತನಕ ಬ್ಯಾಂಡು ಸಂಜೆಗಳನ್ನು ತಿನ್ನುತ್ತದೆ, ಅದಕ್ಕೆ ಭಾನುವಾರ ದೋಸೆ ಆದಮೇಲೆ ಎರಡು ಗಂಟೆ ಹಿಸ್ಟರಿಗೆ ಇಡಲಿ. ಹನ್ನೊಂದಕ್ಕೆ ಲೈಟ್ ಆಫ್, ಇದರಲ್ಲಿ ಚೌಕಾಸಿ ಬೇಡ. ಹಿಸ್ಟರಿಯೂ ಇಂಗ್ಲಿಷೂ ಅಕ್ಕತಂಗಿ ಇದ್ದ ಹಾಗೆ: ಇಂಗ್ಲಿಷಿನ ಸಿಂಥೆಸಿಸ್ ಪ್ರಬಂಧಕ್ಕೂ (ಹಲವು ಬರಹ ಓದಿ ತನ್ನದೊಂದು ವಾದ ಕಟ್ಟುವುದು) ಹಿಸ್ಟರಿಯ ಡಿಬಿಕ್ಯೂಗೂ ಕೈ ಪಳಗುವುದು ಒಟ್ಟಿಗೇ.

ಈಗ ನಿಮ್ಮವರ ಮಾತಿಗೆ. ಎಪಿ ಬಿಟ್ಟರೂ ಅಮೆರಿಕದ ಹಿಸ್ಟರಿ ಬಿಡೋಕಾಗಲ್ಲ, ಕ್ಯಾಲಿಫೋರ್ನಿಯಾದಲ್ಲಿ ಡಿಪ್ಲೊಮಾಕ್ಕೆ ಅದು ಕಡ್ಡಾಯ. ಉಳಿಯುವುದು ಸ್ವಲ್ಪ ಹೊತ್ತು ಮಾತ್ರ. ನಿಜವಾಗಲೂ ತಡೆಯೋಕೆ ಆಗದಿದ್ದರೆ ನಾನಾದರೆ ಅವಳಿಗೆ ಇಷ್ಟವಿಲ್ಲದ್ದನ್ನು ಬಿಡಿಸ್ತೀನಿ, ಅದು ಕೆಮಿಸ್ಟ್ರಿಯೇ ಆಗಿದ್ದರೂ ಸರಿ. ನಿಮ್ಮವರಿಗೆ ಸಿಟ್ಟು ಬರಬಹುದು, ಈ ಪುಟ ತೋರಿಸಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕ ಹಾಕುವಾಗ ಎಪಿಯಂಥ ಕೋರ್ಸುಗಳಿಗೆ ಹತ್ತು, ಹನ್ನೊಂದನೇ ಕ್ಲಾಸು ಸೇರಿ ಎಂಟು ಸೆಮಿಸ್ಟರಿಗೆ ಮಾತ್ರ ಹೆಚ್ಚುವರಿ ಪಾಯಿಂಟ್ ಕೊಡುತ್ತದೆ. ಒಂದೊಂದು ಎಪಿಗೆ ಎರಡು ಸೆಮಿಸ್ಟರು, ನಾಲ್ಕು ಎಪಿ ಅಂದರೆ ಈ ಒಂದೇ ವರ್ಷಕ್ಕೆ ಎಂಟು ಆಯ್ತು. ಕೋರ್ಸು ಎಷ್ಟು ಕಷ್ಟದ್ದು ಅಂತಲೂ ಅವರು ನೋಡ್ತಾರೆ ನಿಜ, ಆದರೆ ಹತ್ತನೇ ಕ್ಲಾಸಲ್ಲೂ ಎಪಿ ಮಾಡಿದ್ದರೆ ನಾಲ್ಕನೆಯದರಿಂದ ಆ ಪಾಯಿಂಟು ಏರಲ್ಲ. ಬಿಡುವುದಿದ್ದರೆ ಕೊನೇ ದಿನ ಯಾವುದು ಅಂತ ಕೌನ್ಸೆಲರ್ ಹತ್ತಿರ ಈ ವಾರವೇ ಕೇಳಿ.

ಪ್ರಶ್ನೆ: ಆಂಟಿ, ನನಗೆ ಅಮೆರಿಕದ ಹಿಸ್ಟರಿ ತುಂಬಾ ಬೋರ್. ನಮಗೂ ಅದಕ್ಕೂ ಏನು ಸಂಬಂಧ? ನಮ್ಮಜ್ಜಿ ಮನೆ ಶ್ರೀರಂಗಪಟ್ಟಣ. (ಅಪ್ಪ ಕನ್ನಡದಲ್ಲಿ ಬರೆದುಕೊಟ್ಟರು.)
– ಹತ್ತನೇ ಕ್ಲಾಸು, ಎಡಿಸನ್, ನ್ಯೂಜೆರ್ಸಿ

ಉತ್ತರ: ಶ್ರೀರಂಗಪಟ್ಟಣದವನು ಕೇಳುವ ಪ್ರಶ್ನೆಯೇನೋ ಇದು! 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ನೀರಿಗೆ ಎಸೆದರಲ್ಲ, ಆ ಟೀ ಯಾರದ್ದು? ಈಸ್ಟ್ ಇಂಡಿಯಾ ಕಂಪನಿಯದ್ದು, ಅದಕ್ಕೆ ನಾಲ್ಕು ವರ್ಷ ಮೊದಲಷ್ಟೇ ಹೈದರಾಲಿ ಜೊತೆ ಕಾದಾಡಿ ಮುಗಿಸಿದ್ದವರೂ ಅವರೇ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ ಎದುರು ಸೋತ ಕಾರ್ನ್‌ವಾಲಿಸ್ ಐದು ವರ್ಷದ ಮೇಲೆ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, ಮರುವರ್ಷ ನಿಮ್ಮಜ್ಜಿ ಊರಿಗೇ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ. ಇನ್ನೂ ಕೇಳು: 1782ರ ಏಪ್ರಿಲಿನಲ್ಲಿ ನಿಮ್ಮ ನ್ಯೂಜೆರ್ಸಿಯ ಕೇಪ್ ಮೇ ಹತ್ತಿರ, ಡೆಲವೇರ್ ಕೊಲ್ಲಿಯಲ್ಲಿ, ಪೆನ್ಸಿಲ್ವೇನಿಯಾದ ಒಂದು ಚಿಕ್ಕ ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಹಿಡಿದುಹಾಕಿತು. ಆ ಚಿಕ್ಕ ಹಡಗಿನ ಹೆಸರು ಹೈದರ್ ಆಲಿ. ಹೌದು, ನಮ್ಮವನ ಹೆಸರೇ. ಬ್ರಿಟಿಷರ ಶತ್ರು ಅಂತ ಅವರಿಗೆ ಅವನ ಮೇಲೆ ಅಷ್ಟು ಪ್ರೀತಿ.

ಪರೀಕ್ಷೆಯಲ್ಲಿ ಹಿನ್ನೆಲೆ ಹೇಳುವ ಕಡೆ ಎರಡು ಸಾಲು ಬರೆದುಕೋ, ಜಾಸ್ತಿ ಬೇಡ. ಟ್ಯಾರಿಫ್ ಪಾಠ ಮಾತ್ರ ಬೋರೇ ಮಾರಾಯ, ಅದಕ್ಕೆ ನನ್ನ ಹತ್ತಿರವೂ ಔಷಧಿ ಇಲ್ಲ.