ರಾತ್ರಿ ಎರಡು ಗಂಟೆಯ ಅಲಾರಾಂ

ಈ ವಾರಕ್ಕೆ ಅತ್ತೆ ಸೊಸೆಯ ಫ್ರಿಜ್ ಜಗಳದ ಪತ್ರ ಆರಿಸಿಟ್ಟಿದ್ದೆ. ಅವರು ಕಾಯಲಿ, ಫ್ರಿಜ್ ಎಲ್ಲಿಗೂ ಓಡಿಹೋಗುವುದಿಲ್ಲ. ಉಡುಪಿಯ ಕಿನ್ನಿಮೂಲ್ಕಿಯಿಂದ ಬಂದ ಒಂದು ಪತ್ರ ನಾಲ್ಕು ದಿನದಿಂದ ನನ್ನನ್ನು ಬಿಡುತ್ತಿಲ್ಲ.

ಬರೆದವರಿಗೆ 38 ವರ್ಷ, ಸೊಸೈಟಿಯಲ್ಲಿ ಕೆಲಸ. ಅಮ್ಮನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಹೊಟ್ಟೆಯ ಹಿಂದೆ ಅಡಗಿ ಕೂತಿರುವ ಗ್ರಂಥಿ ಅದು, ಹೆಚ್ಚಿನವರಿಗೆ ಗೊತ್ತಾಗುವಾಗ ತಡವಾಗಿರುತ್ತದೆ. ಇವರೂ ಮೊದಲು ಗ್ಯಾಸ್ ಅಂದುಕೊಂಡರು. ಕಣ್ಣು ಹಳದಿಯಾದ ಮೇಲೆ ಸ್ಕ್ಯಾನ್. ಮಗಳು ರಜೆ ಹಾಕಿ ಐದು ತಿಂಗಳು ಮನೆಯಲ್ಲೇ ನೋಡಿಕೊಂಡರು. ಜನವರಿಯಲ್ಲಿ ಅಮ್ಮ ಹೋದರು. ಬಹರೈನ್‌ನಲ್ಲಿರುವ ಅಣ್ಣ ಬಂದು ಮುಟ್ಟಿದ್ದು ಮರುದಿನ. ಈಗ ಮನೆಯಲ್ಲಿ ಇವರು ಮತ್ತು 74 ವರ್ಷದ ಅಪ್ಪ. ‘ಏಳು ತಿಂಗಳಾದರೂ ಸುಧಾರಿಸಿಕೊಳ್ಳಲು ಆಗುತ್ತಿಲ್ಲ. ಅಣ್ಣನ ಮೇಲಿನ ಸಿಟ್ಟೂ ಇಳಿಯುತ್ತಿಲ್ಲ. ಏನು ಮಾಡಲಿ?’

ಮೂರು ಪುಟದಲ್ಲಿ ಎರಡು ಪುಟ ಅಣ್ಣನಿಗೇ ಹೋಗಿದೆ. ನಾನು ಸಿಕ್ಕಿಬಿದ್ದದ್ದು ಕೊನೆಯ ಪುಟದ ಒಂದು ಸಾಲಿನಲ್ಲಿ. ‘ನೋವಿಗೆ ಮಾರ್ಫಿನ್ ಕೊಡಲು ಇಟ್ಟಿದ್ದ ರಾತ್ರಿ ಎರಡರ ಅಲಾರಾಂ ಇನ್ನೂ ತೆಗೆದಿಲ್ಲ, ಅದೇನು ದೊಡ್ಡ ವಿಷಯ ಅಲ್ಲ.’

ದೊಡ್ಡ ವಿಷಯ ಅಲ್ಲವಂತೆ! ಏಳು ತಿಂಗಳಿಂದ ದಿನಾ ರಾತ್ರಿ ಎರಡಕ್ಕೆ ಆ ಮನೆಯಲ್ಲಿ ಅಲಾರಾಂ ಹೊಡೆಯುತ್ತಿದೆ. ಅಪ್ಪನಿಗೂ ಎಚ್ಚರ ಆಗುತ್ತದೆ. ಎದ್ದು ಅಡುಗೆಮನೆಯ ಲೈಟ್ ಹಾಕಿ, ನೀರು ಕುಡಿದು, ಲೈಟ್ ಆರಿಸಿ ಮಲಗುತ್ತಾರೆ. ಬೆಳಗ್ಗೆ ಇಬ್ಬರೂ ಆ ಮಾತೇ ಎತ್ತುವುದಿಲ್ಲ.

ಪತ್ರದ ಜೊತೆ ಮದ್ದಿನ ನೋಟ್‌ಬುಕ್ಕಿನ ಒಂದು ಪುಟದ ಫೋಟೋ ಇದೆ. ಹೊತ್ತು, ಡೋಸು, ತಿಂದದ್ದು, ವಾಂತಿ, ಎಲ್ಲಕ್ಕೂ ಸ್ಕೇಲಿನಿಂದ ಗೆರೆ ಹಾಕಿದ ಮನೆಗಳು. ಸೊಸೈಟಿಯ ಲೆಡ್ಜರ್ ಬರೆದ ಕೈ ಅಲ್ವಾ. ‘6.00, ಗಂಜಿತಿಳಿ ಎರಡು ಚಮಚ.’ ‘10.00, ವಾಂತಿ ಇಲ್ಲ.’ ‘2.00’, ಅದರ ಮುಂದೆ ಟಿಕ್. ಕೆಳಗೆ ‘6.00’ ಅಂತ ಮೊದಲೇ ಬರೆದಿಟ್ಟಿದ್ದಾರೆ. ಅದರ ಮುಂದಿನ ಮನೆ ಖಾಲಿ. ಅಮ್ಮ ಹೋದದ್ದು ಮೂರೂವರೆಗೆ.

ಇನ್ನು ಚಿಕ್ಕಮ್ಮನ ವಿಷಯಕ್ಕೆ ಬರೋಣ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಊಟದ ಎಲೆಯ ಮುಂದೆ ಕೂತು ಅವರು ಹೇಳಿದರಂತೆ: ‘ಆ ಮದ್ದು ಕೊಡದಿದ್ದರೆ ಅಕ್ಕ ಇನ್ನೂ ನಾಲ್ಕು ದಿನ ಇರುತ್ತಿದ್ದಳೋ ಏನೋ.’ ಇದನ್ನು ಬರೆದು ಪಕ್ಕದಲ್ಲೇ ‘ಪಾಪ, ಒಳ್ಳೆಯವರು, ದುಃಖದಲ್ಲಿ ಹೇಳಿದ್ದು’ ಅಂತ ಸೇರಿಸಿದ್ದೀರಿ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ ತಂಗಿ. ಐದು ತಿಂಗಳಲ್ಲಿ ಒಂದೇ ಒಂದು ರಾತ್ರಿ ಬಂದು ಆ ಅಲಾರಾಂಗೆ ಏಳದವರಿಗೆ ಈ ಮಾತಾಡುವ ಹಕ್ಕು ಯಾರು ಕೊಟ್ಟದ್ದು? ಅಣ್ಣನ ಮೇಲೆ ನಿಮಗಿರುವ ಸಿಟ್ಟಿನಲ್ಲಿ ಮುಕ್ಕಾಲು ಭಾಗದ ವಿಳಾಸ ತಪ್ಪಿದೆ ಅಂತ ನನ್ನ ಲೆಕ್ಕ. ಅಣ್ಣ ವಿಮಾನ ಸಿಕ್ಕ ಹೊತ್ತಿಗೆ ಬಂದ, ಅಷ್ಟೇ. ಬರುವಾಗ ಅಮ್ಮ ಇರಲಿಲ್ಲ. ಅದು ಅವನಿಗೂ ಕಮ್ಮಿ ಶಿಕ್ಷೆ ಅಲ್ಲ.

ಒಂದು ಸರಳ ಲೆಕ್ಕ ಹೇಳುತ್ತೇನೆ. ನಿಮ್ಮ ಅಮ್ಮನಿಗೆ ಕೊಟ್ಟದ್ದು ನಾಲ್ಕು ಗಂಟೆಗೊಮ್ಮೆ ಕೊಡುವ ಮದ್ದು. ಕೆಲವರಿಗೆ ಮಲಗುವಾಗ ಎರಡರಷ್ಟು ಕೊಟ್ಟು ನಡುರಾತ್ರಿಯದನ್ನು ಬಿಡುತ್ತಾರೆ, ಅಮ್ಮನಿಗೆ ಅದು ಸಾಕಾಗಲಿಲ್ಲ ಅಂತ ನೀವೇ ಬರೆದಿದ್ದೀರಿ. ಅಂದರೆ ದಿನಕ್ಕೆ ಆರು ಸಲ. ಅಮ್ಮ ಮೂರೂವರೆಗೆ ಹೋಗಲಿ, ಮಧ್ಯಾಹ್ನ ಹನ್ನೆರಡಕ್ಕೆ ಹೋಗಲಿ, ಅದರ ಹಿಂದಿನ ನಾಲ್ಕು ಗಂಟೆಯೊಳಗೆ ಒಂದು ಡೋಸು ಇದ್ದೇ ಇರುತ್ತಿತ್ತು. ಯಾವುದೋ ಒಂದು ಕೊನೆಯದಾಗಲೇಬೇಕು. ಅದನ್ನು ಕೊಡುವ ಕೈ ನಿಮ್ಮದೇ ಆಗಿರುತ್ತಿತ್ತು, ಯಾಕೆಂದರೆ ಬೇರೆ ಕೈ ಆ ಮನೆಯಲ್ಲಿ ಇರಲಿಲ್ಲ.

ನೋವಿಗೆ ಬೇಕಾದಷ್ಟೇ ಅಳೆದು ನಿಧಾನಕ್ಕೆ ಏರಿಸುತ್ತಾ ಹೋದ ಮಾರ್ಫಿನ್ ಸಾವನ್ನು ಬೇಗ ತರುವುದಿಲ್ಲ. ಕೊನೆಯ ಗಂಟೆಗಳಲ್ಲಿ ಉಸಿರು ನಿಂತು ನಿಂತು ಬಂದದ್ದು, ಗಂಟಲಲ್ಲಿ ಗೊರಗೊರ ಆದದ್ದು ನೋಡಿ ಹೆದರಿದ್ದೀರಿ. ಈ ಮದ್ದಿನ ಹನಿಯನ್ನೂ ಮುಟ್ಟದವರಿಗೂ ಸಾಯುವ ಹೊತ್ತಿಗೆ ಹಾಗಾಗುತ್ತದೆ. ಹಿಂದೆ ಕ್ಯಾನ್ಸರಿನ ನೋವಿಗೂ ಮಾರ್ಫಿನ್ ಸಿಗುವುದು ಕಷ್ಟ ಇತ್ತು, 1985ರ ಮಾದಕ ವಸ್ತು ಕಾಯ್ದೆ ಅಷ್ಟು ಬಿಗಿ. 2014ರ ತಿದ್ದುಪಡಿಯ ಮೇಲೆ ಸ್ವಲ್ಪ ಸಡಿಲವಾಯಿತು. ನನ್ನ ಅಜ್ಜಿ ಹೋದದ್ದು ಅದಕ್ಕೂ ಎಷ್ಟೋ ಮೊದಲು. ಅವರ ಕೂಗು ಗದ್ದೆಯಾಚೆಯ ಮನೆಗೂ ಕೇಳುತ್ತಿತ್ತು. ನಿಮ್ಮ ಅಮ್ಮ ಕೂಗಲಿಲ್ಲ.

ನನ್ನದೂ ಒಂದು ಹೇಳಿಬಿಡುತ್ತೇನೆ. ಮಂಗಳೂರಿನ ಆಸ್ಪತ್ರೆಯಲ್ಲಿ ಅಪ್ಪ ಹೋಗುವಾಗ ನಾನು ಕೆಳಗೆ ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತಿದ್ದೆ. ಎರಡನೇ ಪ್ಲೇಟು. ಒಂದೇ ಪ್ಲೇಟಿಗೆ ಎದ್ದಿದ್ದರೆ ಅಂತ ಎಂಟು ವರ್ಷ ಲೆಕ್ಕ ಹಾಕಿದೆ. ಯಾರ ಹತ್ತಿರವೂ ಕೇಳಲಿಲ್ಲ. ಕೊನೆಗೆ ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ ಆ ವಾರ್ಡಿನ ನರ್ಸಮ್ಮ ಸಿಕ್ಕಿದರು. ‘ನೀವು ಕೆಳಗೆ ಹೋಗುವ ಮೊದಲೇ ಅವರಿಗೆ ಪ್ರಜ್ಞೆ ಇರಲಿಲ್ಲ ಮಾರಾಯ್ರೆ’ ಅಂದರು. ಎಂಟು ವರ್ಷ ಸುಮ್ನೆ!

ಹಾಗಾಗಿ ಈ ಅಂಕಣದಲ್ಲಿ ನೂರು ಸಲ ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತೇನೆ. ಡಾಕ್ಟರ ಹತ್ತಿರ ಕೇಳಬೇಕಾದ್ದನ್ನು ನೆಂಟರ ಬಾಯಿಂದ ಕೇಳಬೇಡಿ.

ಏಳು ತಿಂಗಳು ಜಾಸ್ತಿಯಾಯಿತು ಅಂತ ಹೇಳುವವರನ್ನು ಬಿಡಿ. ಅಮೆರಿಕದ ಮನೋವೈದ್ಯರು 2022ರಲ್ಲಿ ತಮ್ಮ ಕೈಪಿಡಿಗೆ ಮುಗಿಯದ ದುಃಖವನ್ನು ಒಂದು ಕಾಯಿಲೆಯಾಗಿ ಸೇರಿಸಿದರು. ಅವರೂ ದೊಡ್ಡವರಿಗೆ ಕನಿಷ್ಠ 12 ತಿಂಗಳು ಕಳೆಯದೆ ಆ ಹೆಸರು ಇಡುವುದಿಲ್ಲ. ನಮ್ಮಲ್ಲೂ ವರ್ಷಾಂತಿಕದವರೆಗೆ ಮನೆಯಲ್ಲಿ ಹಬ್ಬ ಇಲ್ಲ. ಹಬ್ಬಕ್ಕೆ ಒಂದು ವರ್ಷ ರಜೆ ಕೊಡುವವರು ನಿಮಗೆ ಮಾತ್ರ ಹದಿಮೂರೇ ದಿನ ಕೊಟ್ಟಿದ್ದಾರೆ.

ನೀವು ಮಾಡಬೇಕಾದ್ದು ಒಂದೇ ಕೆಲಸ. ಆ ನೋಟ್‌ಬುಕ್ ಹಿಡಿದುಕೊಂಡು, ಮದ್ದು ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ. ಫೋನ್ ಬೇಡ, ವಾಟ್ಸಾಪ್ ಅಂತೂ ಬೇಡವೇ ಬೇಡ. ಮಣಿಪಾಲಕ್ಕೆ ನಿಮ್ಮಲ್ಲಿಂದ ಬಸ್ಸಿಗೇನು ಬರ ಇಲ್ಲ. ಕೊನೆಯ ಪುಟ ತೆರೆದಿಟ್ಟು ‘ಎರಡು ಗಂಟೆಯ ಈ ಡೋಸಿನಿಂದ ಅಮ್ಮ ಹೋದರಾ?’ ಅಂತ ಕೇಳಿ. ಸುತ್ತಿ ಬಳಸಿ ಬೇಡ, ಇದೇ ಮಾತು. ಅಪ್ಪನನ್ನೂ ಕರೆದುಕೊಂಡು ಹೋಗಿ. ಬೊಜ್ಜದ ದಿನ ಆ ಪಂಕ್ತಿಯಲ್ಲಿ ಅವರೂ ಕೂತಿದ್ದರಲ್ವಾ, ಅವರಿಗೂ ಕಿವಿ ಇದೆ. ಅಲಾರಾಂ ಅಲ್ಲಿಯವರೆಗೆ ಹಾಗೇ ಇರಲಿ.

ತುಳುವರ ಆಟಿ ತಿಂಗಳು ಮುಗಿಯುವ ಮೊದಲು, ತೀರಿಹೋದ ಅಮ್ಮನಿಗೆ ಎಲೆ ಹಾಕಿ ಬಡಿಸಲು ಚಿಕ್ಕಮ್ಮ ಬರುತ್ತಾರೆ ಅಂತ ಬರೆದಿದ್ದೀರಿ. ಅಷ್ಟರೊಳಗೆ ಹೋಗಿ ಬನ್ನಿ. ಡಾಕ್ಟರು ಹೇಳಿದ್ದನ್ನು ಅವರಿಗೂ ತಿಳಿಸಿ. ಆದರೆ ಊಟ ಆದ ಮೇಲೆ. ಮೊದಲೇ ಹೇಳಿದರೆ ಎಲೆ ಬಿಟ್ಟು ಎದ್ದು ಹೋಗುವ ಪೈಕಿ ಕಾಣುತ್ತದೆ.